ಬೆಳಕನ್ನು ಅಳೆದು ಕೊಟ್ಟ ವೈದ್ಯ: ಡಾಕ್ಟರ್ ನೀಲ್ಸ್ ಫಿನ್ಸೆನ್

ಸೂರ್ಯನಿಗೆ ಕೈ ಮುಗಿಯುವ ಸಂಪ್ರದಾಯವು ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಆರೋಗ್ಯವನ್ನು ಭಾಸ್ಕರನಲ್ಲಿ ಬೇಡಬೇಕೆಂಬುದು ಹಿರಿಯರ ನಂಬಿಕೆ. ಶ್ರೀಕೃಷ್ಣನ ಮಗನಾದ ಸಾಂಬನು ಚರ್ಮರೋಗದಿಂದ ಪೀಡಿತನಾಗಿ, ಸೂರ್ಯಾರಾಧನೆಯಿಂದ ಗುಣ ಹೊಂದಿದನೆಂಬ ಪುರಾಣಕಥೆಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿಯೇ ಕೇಳಿರುವೆವು. ಆದರೆ ಬೆಳಕಿನ ಯಾವ ಅಂಶವು ದೇಹಕ್ಕೆ ಹಿತಕರ, ಯಾವುದು ಅಹಿತಕರ, ಅದನ್ನು ಎಷ್ಟು ಹೊತ್ತು, ಯಾವ ಪ್ರಮಾಣದಲ್ಲಿ ಕೊಡಬೇಕು ಎಂಬ ಪ್ರಶ್ನೆಗಳನ್ನು ಕೇಳಿ, ಪ್ರಯೋಗದಿಂದ ಉತ್ತರವನ್ನು ಪಡೆದು, ಬೆಳಕಿನ ಚಿಕಿತ್ಸೆಗೆ ಶಾಸ್ತ್ರದ ತಳಹದಿಯನ್ನು ಹಾಕಿದವರು ಬಿಸಿಲಿನ ನಾಡಿನವರಲ್ಲ. ವರ್ಷದ ಕೆಲವು ತಿಂಗಳು ಸೂರ್ಯದರ್ಶನವೇ ಅಪರೂಪವಾಗಿರುವ ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪದಲ್ಲಿ ಹುಟ್ಟಿ, ಅರ್ಧಾಯುಷ್ಯವನ್ನು ರೋಗಿಯಾಗಿಯೇ ಕಳೆದು, ೪೩ನೆಯ ವಯಸ್ಸಿನಲ್ಲಿ ತೀರಿಕೊಂಡ ಡಾಕ್ಟರ್ ನೀಲ್ಸ್ ರ್ಯೂಬರ್ಗ್ ಫಿನ್ಸೆನ್ ಎಂಬವರು ಆ ಮಹನೀಯರು.

ಇಲ್ಲಿ ಎಡಪ್ಪಳ್ಳಿಯಲ್ಲಿಯೂ, ಕೊಚ್ಚಿಯ ಇತರ ಭಾಗಗಳಲ್ಲಿಯೂ, ತೆಂಕಣ ತಿರುವನಂತಪುರದಲ್ಲಿಯೂ ಹೋಟೆಲು ಆಫೀಸುಗಳಲ್ಲಿ ದುಡಿಯುತ್ತಿರುವ ನಮ್ಮ ಕನ್ನಡ ಬಂಧುಗಳಿಗೆ ಈ ಚರಿತ್ರೆಯಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ನಾವು ನೆಲೆಸಿರುವ ಊರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಸಹ ಹನ್ನೊಂದೂವರೆ ಗಂಟೆಗೆ ಕಡಮೆಯಿಲ್ಲ. ಆದರೂ ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿಯ ಹಬೆಯ ಮುಂದೆ ನಿಂತವನು ಹೊರಗೆ ಬರುವುದು ಬಹುಶಃ ರಾತ್ರಿ ಹತ್ತಕ್ಕೆ. ಗುಮಾಸ್ತನು ವಿದ್ಯುದ್ದೀಪದ ಕೆಳಗೆ ಕುಳಿತಾಗಲೇ ಅವನ ಹಗಲು ಮುಗಿದುಹೋಗುತ್ತದೆ. ಬೆಳಕಿನ ಸಮುದ್ರದ ನಡುವೆ ಬೆಳಕಿಲ್ಲದೆ ಬದುಕುವವರು ನಾವು. ಆದುದರಿಂದ ಫಿನ್ಸೆನರ ಜೀವಿತವು ನಮಗೆ ಹತ್ತಿರದ್ದೆಂದೇ ಭಾವಿಸುತ್ತೇವೆ.

ಬಾಲ್ಯವೂ ವಿದ್ಯಾಭ್ಯಾಸವೂ

ಫಿನ್ಸೆನರು ೧೮೬೦ನೆಯ ಇಸವಿ ಡಿಸೆಂಬರ್ ೧೫ರಂದು ಫೆರೋ ದ್ವೀಪಗಳ ಮುಖ್ಯ ಪಟ್ಟಣವಾದ ಟೋರ್ಸ್‌ಹಾವ್ನ್ ಎಂಬಲ್ಲಿ ಜನಿಸಿದರು. ಈ ದ್ವೀಪಗಳು ಸ್ಕಾಟ್ಲೆಂಡಿಗೂ ಐಸ್ಲೆಂಡಿಗೂ ನಡುವೆ ಸಮುದ್ರಮಧ್ಯದಲ್ಲಿ, ಡೆನ್ಮಾರ್ಕ್ ದೇಶದ ಆಳ್ವಿಕೆಗೆ ಸೇರಿದ್ದವು. ಅಲ್ಲಿ ಚಳಿಗಾಲದ ನಡುವೆ ಹಗಲೆಂದರೆ ಸುಮಾರು ಐದೇ ಗಂಟೆ. ಅದರಲ್ಲಿಯೂ ಮೋಡ, ಮಂಜು, ಮಳೆಗಳ ಪಾಲು ಹೆಚ್ಚು. ತಂದೆ ಹಾನೆಸ್ ಫಿನ್ಸೆನರು ಐಸ್ಲೆಂಡಿನ ಪುರಾತನ ಮನೆತನದವರು. ಸರಕಾರಿ ಅಧಿಕಾರಿಗಳಾಗಿ ಬಂದು, ೧೮೭೧ರಲ್ಲಿ ಆ ದ್ವೀಪಗಳ ಆಡಳಿತಾಧಿಕಾರಿಗಳಾದರು. ತಾಯಿ ಯೊಹಾನೆ ೧೮೬೪ರಲ್ಲಿ ತೀರಿಕೊಂಡಾಗ ನೀಲ್ಸನು ಇನ್ನೂ ಹಸುಳೆ.

೧೮೭೪ರಲ್ಲಿ ಹುಡುಗನನ್ನು ಡೆನ್ಮಾರ್ಕಿನ ಹೆರ್ಲುಫ್ಸ್‌ಹೋಮ್ ಎಂಬ ವಸತಿಶಾಲೆಗೆ ಕಳುಹಿಸಿದರು. ಅಲ್ಲಿ ಅವನ ವಿದ್ಯೆ ಮುಂದುವರಿಯಲಿಲ್ಲ. ಹುಡುಗನ ಹೃದಯ ಒಳ್ಳೆಯದು, ಆದರೆ ಸಾಮರ್ಥ್ಯವೂ ಚಟುವಟಿಕೆಯೂ ಸಾಲದು ಎಂಬರ್ಥದ ತೀರ್ಪನ್ನು ಮುಖ್ಯೋಪಾಧ್ಯಾಯರು ಬರೆದುಕೊಟ್ಟರು. ೧೮೭೬ರಲ್ಲಿ ಅವನನ್ನು ಐಸ್ಲೆಂಡಿನ ರೇಕ್ಯಾವಿಕ್ ಪಟ್ಟಣದಲ್ಲಿ ತಂದೆ ಓದಿದ್ದ ಶಾಲೆಗೆ ಸೇರಿಸಲಾಯಿತು. ಶಾಲೆಯನ್ನು ಬಿಡುವಾಗ ಅವನಿಗೆ ೨೧ ವರ್ಷ. ತರಗತಿಯ ಹದಿನೈದು ಮಂದಿಯಲ್ಲಿ ಹನ್ನೊಂದನೆಯವನು.

ಚಟುವಟಿಕೆಯಿಲ್ಲದವನು ಎಂಬ ಮಾತನ್ನು ನಮ್ಮ ವೃತ್ತಿಯವರು ಹೊಸದಾಗಿ ಕೇಳಬೇಕಾಗಿಲ್ಲ. ಮೇಜು ಒರೆಸುವ ಹುಡುಗನು ಸ್ವಲ್ಪ ಬಾಡಿದರೆ ಸೋಮಾರಿಯೆಂದೂ, ಲೆಕ್ಕ ಬರೆಯುವವನು ತೂಕಡಿಸಿದರೆ ಅಪ್ರಯೋಜಕನೆಂದೂ ಮೊಹರು ಒತ್ತಿಬಿಡುವುದು ಬಹು ಸುಲಭ. ಅಂಥ ಮೊಹರನ್ನು ಹದಿನೈದನೆಯ ವಯಸ್ಸಿನ ಆಸುಪಾಸಿನಲ್ಲಿ ಹೊತ್ತವನೇ ಮುಂದೆ ಲೋಕಪ್ರಸಿದ್ಧನಾದನೆಂಬುದನ್ನು ಯಜಮಾನರೂ ಮೇಲಧಿಕಾರಿಗಳೂ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳಿತು.

ಬಡಗಣ ದಿಕ್ಕಿನ ಮನೆ

೧೮೮೨ರಲ್ಲಿ ಫಿನ್ಸೆನರು ವೈದ್ಯಶಾಸ್ತ್ರವನ್ನು ಅಭ್ಯಸಿಸಲು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದೇ ವರ್ಷದಲ್ಲಿ ಜರ್ಮನಿಯ ರಾಬರ್ಟ್ ಕಾಖರು ಕ್ಷಯರೋಗದ ಕ್ರಿಮಿಯನ್ನು ಕಂಡುಹಿಡಿದುದನ್ನು ವಾಚಕರು ಇಲ್ಲಿ ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಓದಿಗೆ ತೊಡಗಿದ ಮರುವರ್ಷದ ಸುಮಾರಿಗೆ ತರುಣನ ದೇಹದಲ್ಲಿ ವ್ಯಾಧಿಯ ಲಕ್ಷಣಗಳು ಕಾಣಿಸಿಕೊಂಡವು. ಯಕೃತ್ತು, ಗುಲ್ಮ, ಹೃದಯ ಇವುಗಳ ಸುತ್ತಣ ಪೊರೆಗಳು ಕ್ರಮೇಣ ದಪ್ಪವಾಗಿ ಬಿಗಿಯುತ್ತ ಬರುವ ರೋಗವದು. ಹೊಟ್ಟೆಯಲ್ಲಿ ನೀರು ತುಂಬುವುದು, ಎದೆ ಸೋಲುವುದು, ಸದಾ ಆಯಾಸ. ಈ ವ್ಯಾಧಿಯು ಸಾಯುವವರೆಗೂ ಅವರನ್ನು ಬಿಡಲಿಲ್ಲ.

ಆ ದಿನಗಳಲ್ಲಿ ಅವರು ವಾಸವಾಗಿದ್ದ ಮನೆಯು ಬಡಗಣ ದಿಕ್ಕಿಗೆ ಮುಖ ಮಾಡಿದ್ದಿತು. ಉತ್ತರ ದೇಶಗಳಲ್ಲಿ ಸೂರ್ಯನು ತೆಂಕಣಕ್ಕೆ ವಾಲಿ ಸಾಗುವುದರಿಂದ ಅಂಥ ಮನೆಯೊಳಗೆ ಬಿಸಿಲು ಬೀಳುವುದಿಲ್ಲ. ರಕ್ತಹೀನತೆಯಿಂದ ಬಳಲುತ್ತಿದ್ದ ಫಿನ್ಸೆನರಿಗೆ, ತನಗೆ ಬೇಕಾಗಿರುವುದು ಬಿಸಿಲೇ ಇರಬಹುದೇ ಎಂಬ ಯೋಚನೆ ಹುಟ್ಟಿತು. ಸಾಧ್ಯವಾದಾಗಲೆಲ್ಲ ಬಿಸಿಲಿಗೆ ಹೋಗಿ ಕುಳಿತು, ಅದರಿಂದ ತಮಗೆ ಹಿತವಾಗುತ್ತಿದೆಯೆಂದು ಕಂಡುಕೊಂಡರು. ಚಪ್ಪರದ ಮೇಲೆ ಮಲಗಿದ್ದ ಬೆಕ್ಕೊಂದು, ನೆರಳು ಮೇಲೆ ಬಂದಂತೆಲ್ಲ ಎದ್ದು ಎದ್ದು ಬಿಸಿಲಿಗೆ ಸರಿಯುತ್ತಿದ್ದುದನ್ನು ಅವರು ಕಿಟಕಿಯಿಂದ ನೋಡುತ್ತಿದ್ದರೆಂಬ ಕಥೆಯು ಅವರ ಚರಿತ್ರೆಯನ್ನು ಹೇಳುವವರ ಬಾಯಲ್ಲಿ ಇಂದಿಗೂ ಉಂಟು. ಬಿಸಿಲಿನಿಂದ ಹಿತವಾಗುವುದನ್ನು ಲೋಕವೆಲ್ಲ ಬಲ್ಲದು. ಏಕೆ ಹಿತವಾಗುತ್ತದೆಂದು ಕೇಳಿದುದರಲ್ಲಿಯೇ ಫಿನ್ಸೆನರ ವೈಶಿಷ್ಟ್ಯ.

ತಮ್ಮ ಮುಂದೋಳಿನ ಮೇಲೆ ಕಪ್ಪು ಮಸಿಯಿಂದ ಪಟ್ಟೆ ಬಳಿದುಕೊಂಡು ಅವರು ಬಿಸಿಲಿನಲ್ಲಿ ಕುಳಿತರು. ಮಸಿಯಿಲ್ಲದ ಚರ್ಮವು ಕೆಂಪೇರಿ, ಬಳಿಕ ಕಂದಾಯಿತು. ಮಸಿಯ ಕೆಳಗಿನದು ಬಿಳಿಯಾಗಿಯೇ ಉಳಿಯಿತು. ಮಸಿಯನ್ನು ತೊಳೆದು ಮತ್ತೆ ಬಿಸಿಲಿಗೆ ಒಡ್ಡಿದಾಗ ಬಿಳಿಯ ಭಾಗವು ಕೆಂಪೇರಿತೇ ಹೊರತು, ಮೊದಲೇ ಕಂದಾಗಿದ್ದ ಭಾಗವು ತಡೆದುಕೊಂಡಿತು. ಚರ್ಮದ ಕಪ್ಪು ಬಣ್ಣವು ದೇಹಕ್ಕೆ ಪ್ರಕೃತಿಯೇ ಹಿಡಿದ ಕೊಡೆಯೆಂಬುದು ಹೀಗೆ ಸಿದ್ಧವಾಯಿತು. ಬಿಸಿಲಿನ ನಾಡಿನಲ್ಲಿ ಹುಟ್ಟಿಯೂ ತಮ್ಮ ಮೈಬಣ್ಣಕ್ಕಾಗಿ ನಾಚಿಕೊಳ್ಳುವವರು ಇದನ್ನು ನೆನೆಯಬೇಕು.

ಸಿಡುಬಿನ ಕೆಂಪು ಕೋಣೆ

೧೮೯೦ರಲ್ಲಿ ಪದವಿಯನ್ನು ಪಡೆದ ಫಿನ್ಸೆನರು, ಅದೇ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರದ ವಿದ್ಯಾರ್ಥಿಗಳಿಗೆ ಶವಚ್ಛೇದನವನ್ನು ಸಿದ್ಧಪಡಿಸಿಕೊಡುವ ಹುದ್ದೆಯಲ್ಲಿ ನಿಂತರು. ೧೮೯೨ನೆಯ ಡಿಸೆಂಬರಿನಲ್ಲಿ ಇಂಗೆಬೋರ್ಗ್ ಬಾಲ್ಸ್ಲೆವ್ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ಮರುವರ್ಷ ಹುದ್ದೆಯನ್ನು ತ್ಯಜಿಸಿ, ಬೆಳಕಿನ ಸಂಶೋಧನೆಯೊಂದನ್ನೇ ಕೈಗೊಂಡರು. ದೇಹದಲ್ಲಿ ಬಲವಿಲ್ಲದ ಗೃಹಸ್ಥನು ಖಾಯಂ ಸಂಬಳವನ್ನು ಬಿಟ್ಟುಬಿಡುವುದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

೧೮೯೩ರಲ್ಲಿ ಅವರು ಪ್ರಕಟಿಸಿದ ಲೇಖನವು ಸಿಡುಬನ್ನು ಕುರಿತದ್ದು. ಬೆಳಕಿನಲ್ಲಿರುವ ನೀಲಿ, ನೇರಳೆ ಮತ್ತು ಅದರಾಚೆಯ ಕಣ್ಣಿಗೆ ಕಾಣದ ಕಿರಣಗಳೇ ಸಿಡುಬಿನ ಗುಳ್ಳೆಗಳನ್ನು ಕೀವುಗೊಳಿಸುತ್ತವೆ. ಆದುದರಿಂದ ರೋಗಿಯನ್ನು ಕೆಂಪು ಪರದೆಗಳನ್ನು ಬಿಟ್ಟ ಕೋಣೆಯಲ್ಲಿರಿಸಿದರೆ ಕಲೆಗಳು ಉಳಿಯಲಾರವು ಎಂಬುದು ಅವರ ವಾದ. ನಾರ್ವೆ ದೇಶದ ಬೆರ್ಗೆನ್ ನಗರದಲ್ಲಿ ಅದೇ ವರ್ಷ ಇದನ್ನು ಪರೀಕ್ಷಿಸಿದವರು ಹೊಗಳಿದರು. ಮುಂದಿನ ವೈದ್ಯರ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಸಿಡುಬನ್ನು ಕಡೆಗೆ ಭೂಮಿಯಿಂದ ಅಳಿಸಿದುದು ಲಸಿಕೆ. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಘೋಷಿಸಿತು. ಮಹನೀಯರ ಮಾತೆಲ್ಲವೂ ಸತ್ಯವಾಗಲೇಬೇಕೆಂಬ ನಿಯಮವಿಲ್ಲ. ಆದರೆ ಕಿರಣಗಳನ್ನು ಬೇರ್ಪಡಿಸಿ ಒಂದೊಂದರ ಗುಣವನ್ನೂ ಪ್ರತ್ಯೇಕವಾಗಿ ವಿಚಾರಿಸುವ ಕ್ರಮವು ಇಲ್ಲಿಂದಲೇ ಅವರ ಕೈಗೆ ಬಂದಿತು.

ಮುಖವನ್ನು ತಿನ್ನುವ ತೋಳ

ಆ ಕಾಲದಲ್ಲಿ ಯೂರೋಪಿನ ಬಡಜನರನ್ನು ಪೀಡಿಸುತ್ತಿದ್ದ ಭಯಂಕರ ರೋಗವೊಂದು ಲೂಪಸ್ ವಲ್ಗಾರಿಸ್. ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಇದು ಶ್ವಾಸಕೋಶಕ್ಕೆ ಬದಲಾಗಿ ಚರ್ಮಕ್ಕೆ ತಗಲುವ ಕ್ಷಯ. ಮೂಗು, ಕೆನ್ನೆ, ತುಟಿಗಳನ್ನು ವರ್ಷಗಟ್ಟಲೆ ಮೆಲ್ಲಮೆಲ್ಲನೆ ತಿನ್ನುತ್ತ ಹೋಗುವುದು. ಪ್ರಾಣವು ಬೇಗ ಹೋಗದು. ಆದರೆ ಮುಖ ಹೋಗುವುದು. ಇಂಥವರಿಗೆ ಕೆಲಸ ಕೊಡುವವರಿಲ್ಲ, ಪಂಕ್ತಿಯಲ್ಲಿ ಕುಳ್ಳಿರಿಸುವವರಿಲ್ಲ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಕತ್ತಲೆಯ ಮೂಲೆಗಳಲ್ಲಿ ಬದುಕುತ್ತಿದ್ದರು. ಶಸ್ತ್ರದಿಂದ ಕೆರೆಯುವುದು, ಕಾದ ಕಬ್ಬಿಣದಿಂದ ಸುಡುವುದು ಇವೇ ಚಿಕಿತ್ಸೆಗಳು.

ಬಿಸಿಲು ಕ್ರಿಮಿಗಳನ್ನು ಕೊಲ್ಲುವುದೆಂಬುದನ್ನು ಇಂಗ್ಲೆಂಡಿನ ವಿಜ್ಞಾನಿಗಳು ೧೮೭೭ರಲ್ಲಿಯೇ ತೋರಿಸಿದ್ದರು. ಹಾಗಾದರೆ ಚರ್ಮದೊಳಗೆ ಅಡಗಿರುವ ಕ್ಷಯದ ಕ್ರಿಮಿಯನ್ನು ಬೆಳಕಿನಿಂದಲೇ ಏಕೆ ಹೊಡೆಯಬಾರದು ಎಂದು ಫಿನ್ಸೆನರು ಯೋಚಿಸಿದರು. ಅಡ್ಡಿಗಳು ಎರಡು. ಬೆಳಕನ್ನು ಮಸೂರದಿಂದ ಒಂದೆಡೆಗೆ ಕೂಡಿಸಿದರೆ ಶಾಖವು ಚರ್ಮವನ್ನು ಸುಡುತ್ತದೆ. ಇದಕ್ಕಾಗಿ ಅವರು ಮಸೂರದ ಹೊಟ್ಟೆಯೊಳಗೆ ಮೈಲುತುತ್ತದ ನೀಲಿ ದ್ರಾವಣವನ್ನು ತುಂಬಿ ಶಾಖವನ್ನು ಸೋಸಿದರು. ಎರಡನೆಯ ಅಡ್ಡಿಯೆಂದರೆ ರಕ್ತ. ಕಿವಿಯ ಹಾಲೆಯ ಹಿಂದೆ ಛಾಯಾಚಿತ್ರದ ಕಾಗದವನ್ನಿಟ್ಟು ಮುಂದಿನಿಂದ ಬೆಳಕು ಬಿಟ್ಟರೆ, ನಿಮಿಷಗಳು ಕಳೆದರೂ ಕಾಗದವು ಕಪ್ಪಾಗಲಿಲ್ಲ. ಹಾಲೆಯನ್ನು ಎರಡು ಗಾಜುಗಳ ನಡುವೆ ಒತ್ತಿ ರಕ್ತವನ್ನು ಸರಿಸಿದೊಡನೆ ಕೆಲವೇ ಸೆಕೆಂಡುಗಳಲ್ಲಿ ಕಪ್ಪಾಯಿತು. ಚರ್ಮವನ್ನು ಒತ್ತಿ ರಕ್ತವನ್ನು ಅತ್ತಿತ್ತ ಸರಿಸಿದರೆ ಬೆಳಕಿಗೆ ದಾರಿಯುಂಟೆಂದು ಇದರಿಂದ ತಿಳಿಯಿತು.

ಡೆನ್ಮಾರ್ಕಿನ ಚಳಿಗಾಲದಲ್ಲಿ ಬಿಸಿಲನ್ನು ನಂಬುವಂತಿರಲಿಲ್ಲ. ಕೋಪನ್‌ಹೇಗನ್ನಿನ ವಿದ್ಯುತ್ ಕೇಂದ್ರದವರು ತಮ್ಮ ಇಂಗಾಲದ ಕಮಾನುದೀಪವನ್ನು ಉಪಯೋಗಿಸಲು ಅವರಿಗೆ ಅವಕಾಶ ಕೊಟ್ಟರು. ಮೊದಲನೆಯ ರೋಗಿಯೂ ಅಲ್ಲಿಯ ಎಂಜಿನಿಯರೇ ಆದ ಮೋಗೆನ್ಸೆನ್ ಎಂಬವರು. ವರ್ಷಗಳಿಂದ ಲೂಪಸಿಗೆ ತುತ್ತಾಗಿ, ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗಳೆಲ್ಲ ವ್ಯರ್ಥವಾಗಿದ್ದ ಅವರ ಮುಖದ ಮೇಲೆ ೧೮೯೫ನೆಯ ನವೆಂಬರಿನಲ್ಲಿ ಬೆಳಕನ್ನು ಹಾಯಿಸಲು ಆರಂಭಿಸಿದರು. ಕೆಲವು ತಿಂಗಳುಗಳಲ್ಲಿ ವ್ರಣಗಳು ಮಾಯ್ದವು.

ಬೆಳಕಿನ ಆಸ್ಪತ್ರೆ

೧೮೯೬ರಲ್ಲಿ ಹಾಗೆಮಾನ್, ಯೋರ್ಗೆನ್ಸೆನ್ ಎಂಬ ದಾನಿಗಳ ನೆರವಿನಿಂದ ಬೆಳಕಿನ ಚಿಕಿತ್ಸಾಲಯವು ಸ್ಥಾಪಿತವಾಯಿತು. ಫಿನ್ಸೆನರೇ ಅದರ ಪ್ರಥಮ ನಿರ್ದೇಶಕರು. ಮಧ್ಯದಲ್ಲಿ ಪ್ರಚಂಡವಾಗಿ ಉರಿಯುವ ಕಮಾನುದೀಪ. ಅದರಿಂದ ನಾಲ್ಕು ದಿಕ್ಕಿಗೂ ದುರ್ಬೀನಿನಂಥ ನಾಲ್ಕು ಕೊಳವೆಗಳು. ಪ್ರತಿಯೊಂದರ ಕೆಳಗೂ ಮಂಚದ ಮೇಲೆ ಒಬ್ಬ ರೋಗಿ, ಪಕ್ಕದಲ್ಲಿ ಕಪ್ಪು ಕನ್ನಡಕ ಧರಿಸಿದ ಒಬ್ಬ ದಾದಿ. ಸಾಮಾನ್ಯ ಗಾಜು ನೇರಳೆಯಾಚೆಯ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದರಿಂದ ಸ್ಫಟಿಕಶಿಲೆಯ ಮಸೂರಗಳನ್ನು ಮಾಡಿಸಿದರು. ಶಾಖವನ್ನು ಹೀರಲು ಕೊಳವೆಯಲ್ಲಿ ನೀರು ತುಂಬಿದ್ದಿತು. ದಾದಿಯು ಸ್ಫಟಿಕದ ಬಿಲ್ಲೆಯೊಂದನ್ನು ವ್ರಣದ ಮೇಲೆ ಅದುಮಿ ಹಿಡಿದು, ರಕ್ತವು ಮರಳದಂತೆ ನೋಡಿಕೊಳ್ಳುವಳು. ನಾಣ್ಯದಷ್ಟು ಅಗಲದ ಜಾಗಕ್ಕೆ ಸುಮಾರು ಒಂದು ಗಂಟೆ. ನಾಳೆ ಪಕ್ಕದ ಜಾಗ. ಹೀಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ. ಫಿನ್ಸೆನರ ಹೆಸರು ಲೋಕದಲ್ಲಿ ಉಳಿಯಿತು. ಆದರೆ ಗಂಟೆಗಟ್ಟಲೆ ಕೈ ಅಲ್ಲಾಡಿಸದೆ ಬಿಲ್ಲೆಯನ್ನು ಹಿಡಿದು ನಿಂತ ಆ ದಾದಿಯರಿಲ್ಲದೆ ಒಂದು ಮುಖವೂ ಉಳಿಯುತ್ತಿರಲಿಲ್ಲ. ಹಿನ್ನೆಲೆಯಲ್ಲಿ ದುಡಿಯುವವರ ಪಾಡನ್ನು ನಮ್ಮ ಅಡಿಗೆಮನೆಯ ಬಂಧುಗಳಿಗಿಂತ ಚೆನ್ನಾಗಿ ಯಾರು ಬಲ್ಲರು?

ಮೊದಲ ಐದಾರು ವರ್ಷಗಳಲ್ಲಿ ಸುಮಾರು ಎಂಟುನೂರು ಮಂದಿ ಲೂಪಸ್ ರೋಗಿಗಳು ಅಲ್ಲಿ ಚಿಕಿತ್ಸೆಯನ್ನು ಪಡೆದರು, ಬಹುಮಂದಿಗೆ ಗುಣವಾಯಿತು. ಮುಖವನ್ನು ಮುಚ್ಚಿಕೊಂಡು ಬಂದವರು ಮುಖವನ್ನು ತೆರೆದುಕೊಂಡು ಬೀದಿಗೆ ಇಳಿದರು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದು ಇಂಗ್ಲೆಂಡಿನ ಅರಮನೆಗೆ ಸೊಸೆಯಾಗಿ ಹೋದ ಅಲೆಕ್ಸಾಂಡ್ರಾ ಅವರು ೧೯೦೦ರಲ್ಲಿ ಫಿನ್ಸೆನ್ ದೀಪವನ್ನು ಲಂಡನ್ ಆಸ್ಪತ್ರೆಗೆ ದೊರಕಿಸಿಕೊಟ್ಟರು. ಅಲ್ಲಿರುವ ಅವರ ಪ್ರತಿಮೆಯ ಪೀಠದಲ್ಲಿ ಆ ದೀಪದ ಚಿತ್ರವನ್ನೂ ಕೆತ್ತಲಾಗಿದೆ.

ಕೊನೆಯ ವರ್ಷಗಳು

ಕೀರ್ತಿಯು ಏರುತ್ತಿದ್ದಂತೆ ದೇಹವು ಇಳಿಯುತ್ತಿದ್ದಿತು. ೧೮೯೮ರಲ್ಲಿ ಪ್ರೊಫೆಸರ್ ಪದವಿ ಬಂದಿತು. ಮರುವರ್ಷ ರಾಜಮರ್ಯಾದೆಯ ಬಿರುದು. ಆ ವೇಳೆಗೆ ಅವರು ಗಾಲಿಕುರ್ಚಿಯನ್ನು ಅವಲಂಬಿಸತೊಡಗಿದ್ದರು. ಹೊಟ್ಟೆಯಲ್ಲಿ ತುಂಬಿದ ನೀರನ್ನು ಮತ್ತೆ ಮತ್ತೆ ತೆಗೆಯಬೇಕಾಗುತ್ತಿದ್ದಿತು. ೧೯೦೩ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೆ ದೊರೆಯಿತು. ಡೆನ್ಮಾರ್ಕಿಗೆ ನೊಬೆಲ್ ಗೌರವವನ್ನು ತಂದವರಲ್ಲಿ ಅವರೇ ಮೊದಲಿಗರು. ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ಕಾಖರಿಗೇ ಆ ಗೌರವವು ಬಂದುದು ೧೯೦೫ರಲ್ಲಿ. ಸ್ವೀಡನ್ನಿಗೆ ಪ್ರಯಾಣ ಮಾಡುವಷ್ಟು ಶಕ್ತಿ ಫಿನ್ಸೆನರಲ್ಲಿ ಉಳಿದಿರಲಿಲ್ಲ. ಪಾರಿತೋಷಕದ ಹಣದಲ್ಲಿ ದೊಡ್ಡ ಭಾಗವನ್ನು ಅವರು ರೋಗಿಗಳ ಶುಶ್ರೂಷೆಗೇ ಕೊಟ್ಟುಬಿಟ್ಟರು.

ಬೆಳಕಿನಿಂದ ಅನ್ಯರ ಮುಖಗಳನ್ನು ಉಳಿಸಿದವರು ತಮ್ಮ ರೋಗಕ್ಕೆ ಅದರಲ್ಲಿ ಔಷಧವನ್ನು ಕಾಣಲಿಲ್ಲ. ಆದರೂ ತಮ್ಮ ದೇಹವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ತಿಂದ ಅನ್ನವನ್ನೂ ಕುಡಿದ ನೀರನ್ನೂ ತೂಗಿ ಬರೆದಿಟ್ಟರು. ಉಪ್ಪು ಕಡಮೆಯಾದಂತೆ ದೇಹದಲ್ಲಿ ನೀರು ಕಟ್ಟುವುದೂ ಕಡಮೆಯಾಗುವುದನ್ನು ಗುರುತಿಸಿದರು. ದೇಹದಲ್ಲಿ ಉಪ್ಪು ಶೇಖರವಾಗುವುದನ್ನು ಕುರಿತ ಆ ಬರಹವೇ ಅವರ ಕಡೆಯ ವೈಜ್ಞಾನಿಕ ಲೇಖನ. ೧೯೦೪ನೆಯ ಸೆಪ್ಟೆಂಬರ್ ೨೪ರಂದು ಕೋಪನ್‌ಹೇಗನ್ನಿನಲ್ಲಿ ಅವರು ದೇಹತ್ಯಾಗ ಮಾಡಿದರು. ೧೯೦೯ರಲ್ಲಿ ಶಿಲ್ಪಿ ರೂಡಾಲ್ಫ್ ಟೇಗ್ನರರು ರಚಿಸಿದ, ಬೆಳಕಿನತ್ತ ಕೈಚಾಚಿದ ಮಾನವರ ಪ್ರತಿಮೆಯನ್ನು ಅವರ ಸ್ಮಾರಕವಾಗಿ ಆ ನಗರದಲ್ಲಿ ನಿಲ್ಲಿಸಿದರು.

ಅವರು ಬಿಟ್ಟುಹೋದ ದಾರಿ

ಫಿನ್ಸೆನರ ತರುವಾಯ ಬೆಳಕಿನ ಚಿಕಿತ್ಸೆಯು ನಾನಾ ಕವಲುಗಳಾಗಿ ಹರಿಯಿತು. ೧೯೧೯ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಎಂಬ ವೈದ್ಯರು ಮಕ್ಕಳ ಎಲುಬು ಬಾಗುವ ರೋಗವನ್ನು ನೇರಳಾತೀತ ದೀಪದಿಂದ ಗುಣಪಡಿಸಿ ತೋರಿಸಿದರು. ೧೯೫೬ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ಸಿಸ್ಟರ್ ವಾರ್ಡ್ ಅವರು, ಕಾಮಾಲೆಯಿಂದ ಹಳದಿಗಟ್ಟಿದ ಶಿಶುವನ್ನು ಅಂಗಳದ ಬಿಸಿಲಿಗೆ ತಂದಾಗ ಬಿಸಿಲು ತಗುಲಿದ ಕಡೆ ಹಳದಿಯು ಮಾಸಿದುದನ್ನು ಗಮನಿಸಿದರು. ಇಂದು ಎರ್ನಾಕುಳದ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ನೀಲಿ ದೀಪದ ಕೆಳಗೆ ಮಲಗಿಸುವುದಕ್ಕೆ ಅದೇ ಮೂಲ. ಲೂಪಸಿಗೆ ಮಾತ್ರ ಈಗ ಫಿನ್ಸೆನ್ ದೀಪದ ಅಗತ್ಯವಿಲ್ಲ. ಕ್ಷಯನಿವಾರಕ ಮಾತ್ರೆಗಳೇ ಅದನ್ನು ಗುಣಪಡಿಸುತ್ತವೆ. ಶ್ವಾಸಕೋಶದ ಕ್ಷಯಕ್ಕೂ ಬಿಸಿಲು ಮದ್ದಲ್ಲ, ಮಾತ್ರೆಯೇ ಮದ್ದು. ಆರೋಗ್ಯಧಾಮದ ಗಾಳಿ ವಿಶ್ರಾಂತಿಗಳಿಲ್ಲದೆ ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದರೂ ಗುಣವಾಗುವುದೆಂಬುದನ್ನು ೧೯೫೯ರಲ್ಲಿ ಪ್ರಕಟವಾದ ಮದರಾಸಿನ ಸಂಶೋಧನೆಯು ಲೋಕಕ್ಕೇ ತೋರಿಸಿಕೊಟ್ಟಿತು.

ಬೆಳಕಿಗೂ ಮನಸ್ಸಿಗೂ ಇರುವ ನಂಟು ಇನ್ನೂ ಇತ್ತೀಚಿನ ವಿಚಾರ. ಪ್ರಖರವಾದ ಬೆಳಕು ಕಣ್ಣಿಗೆ ಬಿದ್ದರೆ, ರಾತ್ರಿಯಲ್ಲಿ ಮಿದುಳಿನ ಗ್ರಂಥಿಯೊಂದು ಸ್ರವಿಸುವ ಮೆಲಟೋನಿನ್ ಎಂಬ ರಸವು ತಗ್ಗುವುದೆಂದು ೧೯೮೦ರಲ್ಲಿ ಅಮೆರಿಕದ ಲೂಯಿ ಮತ್ತು ಸಂಗಡಿಗರು ಕಂಡುಕೊಂಡರು. ೧೯೮೪ರಲ್ಲಿ ಡಾಕ್ಟರ್ ನಾರ್ಮನ್ ರೋಸೆಂತಾಲ್ ಮತ್ತು ಸಹೋದ್ಯೋಗಿಗಳು ಋತುಮಾನದ ಖಿನ್ನತೆಯೆಂಬ ವ್ಯಾಧಿಯನ್ನು ವರ್ಣಿಸಿದರು. ಚಳಿಗಾಲ ಬಂದೊಡನೆ ಉತ್ಸಾಹ ಉಡುಗುವುದು, ಅತಿಯಾದ ನಿದ್ರೆ, ಸಿಹಿ ಪಿಷ್ಟಗಳ ಮೇಲೆ ಆಸೆ. ವಸಂತದಲ್ಲಿ ತಾನಾಗಿ ಶಮನ. ಹತ್ತು ಸಾವಿರ ಲಕ್ಸ್ ಪ್ರಖರತೆಯ ದೀಪದ ಮುಂದೆ ಬೆಳಗ್ಗೆ ಅರ್ಧ ಗಂಟೆ ಕುಳ್ಳಿರಿಸುವುದು ಇಂದು ರೂಢಿಯಲ್ಲಿರುವ ಚಿಕಿತ್ಸೆ. ಫಿನ್ಸೆನರ ಬೆಳಕು ಚರ್ಮದ ಮೇಲೆ ಕೆಲಸ ಮಾಡಿತು. ಇದು ಕಣ್ಣಿನ ಮೂಲಕ ದೇಹದ ಗಡಿಯಾರಕ್ಕೆ ಕೀಲಿ ಕೊಡುತ್ತದೆ. ಎರಡನ್ನೂ ಒಂದೆಂದು ತಿಳಿಯಲಾಗದು. ಚೋದ್ಯವೆಂದರೆ, ಫಿನ್ಸೆನರ ಪೂರ್ವಿಕರ ನಾಡಾದ ಐಸ್ಲೆಂಡಿನಲ್ಲಿ ಈ ಖಿನ್ನತೆಯು ಅಮೆರಿಕದ ಪೂರ್ವತೀರಕ್ಕಿಂತ ಕಡಮೆಯೆಂದು ೧೯೯೩ರ ಸಮೀಕ್ಷೆಯೊಂದು ತಿಳಿಸಿತು. ಆದುದರಿಂದ ಕತ್ತಲೆಯೊಂದೇ ಕಾರಣವೆಂದು ಹೇಳಿ ಮುಗಿಸುವಂತಿಲ್ಲ.

ನಮ್ಮಲ್ಲಿ ಆ ದೇಶಗಳ ಚಳಿಗಾಲವಿಲ್ಲ. ಆದರೆ ತುಳುವರ ಆಟಿ, ಮಲೆಯಾಳಿಗಳ ಕರ್ಕಟಕ ಮಾಸಗಳಲ್ಲಿ ಮೋಡವು ದಿನಗಟ್ಟಲೆ ಕದಲುವುದಿಲ್ಲ. ಊರು ಬಿಟ್ಟು ಬಂದವನ ಮನಸ್ಸು ಆಗ ಇನ್ನಷ್ಟು ಕುಗ್ಗುತ್ತದೆ. ಒಂದು ಸಂಗತಿಯನ್ನು ವಾಚಕರು ತಿಳಿದಿರಬೇಕು: ಒಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ, ಮೋಡ ಕವಿದ ಹಗಲಿನಲ್ಲಿಯೂ ಬಯಲಿನ ಬೆಳಕು ಅದರ ಹತ್ತಾರು ಪಾಲು ಹೆಚ್ಚು. ಬೆಳಗಿನ ತಿಂಡಿಯ ಗದ್ದಲವು ಇಳಿದ ಮೇಲೆ ಒಂದು ಅರ್ಧ ಗಂಟೆ, ಮಳೆಯಾದರೆ ಜಗಲಿಯಲ್ಲಿಯಾದರೂ ಕುಳಿತು ಬರಲು ಹಣ ಬೇಕಿಲ್ಲ. ಸೂರ್ಯನನ್ನು ದಿಟ್ಟಿಸಿ ನೋಡುವುದು, ನಡುಹಗಲಿನಲ್ಲಿ ಮೈ ಸುಟ್ಟುಕೊಳ್ಳುವುದು ಮಾತ್ರ ಸಲ್ಲದು. ವಾರಗಟ್ಟಲೆ ನಿದ್ರೆ, ಊಟ, ಉತ್ಸಾಹಗಳು ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಪ್ರಖರ ದೀಪದ ಚಿಕಿತ್ಸೆಯನ್ನೂ ಅವರ ಸಲಹೆಯಿಲ್ಲದೆ ಕೈಗೊಳ್ಳಬಾರದು.

ಯಜಮಾನರಲ್ಲಿಯೂ ನಮ್ಮ ಒಂದು ಬಿನ್ನಹವುಂಟು. ಕೆಲಸಗಾರನಿಗೆ ಅನ್ನವನ್ನೂ ಸಂಬಳವನ್ನೂ ಅಳೆದು ಕೊಡುವಂತೆ ಹಗಲಿನ ಬೆಳಕನ್ನೂ ಅಳೆದು ಕೊಡುವುದು ಧರ್ಮ. ಬಾಡಿದ ಮುಖದ ಹುಡುಗನನ್ನು ಸೋಮಾರಿಯೆನ್ನುವ ಮೊದಲು, ಅವನು ಈ ವಾರ ಎಷ್ಟು ಸಲ ಸೂರ್ಯನನ್ನು ಕಂಡಿದ್ದಾನೆಂದು ಕೇಳಿ ನೋಡುವುದು ಮೇಲು.